ಮೂರು ಮೆಟ್ಟಿಲು

ನಮ್ಮ ಠಾಣೆಗೆ ಮೂರು ಮೆಟ್ಟಿಲು. ಒಂದೊಂದೂ ಗೇಣೆತ್ತರವೂ ಇಲ್ಲ. ಅವುಗಳ ಮೇಲಿಂದ ಒಂಬತ್ತು ವರ್ಷಗಳಲ್ಲಿ ಅರವತ್ತೊಂದು ಜನ ಜಾರಿ ಬಿದ್ದು ಪೆಟ್ಟು ಮಾಡಿಕೊಂಡಿದ್ದಾರೆ. ಬಾಯಿಮಾತಲ್ಲ, ದಾಖಲೆಯೇ ಇದೆ. ದಾಖಲೆ ಬರೆದವನು ನಾನೇ.

ನಾನು ಠಾಣೆಯ ರೈಟರ್. ಅಂದರೆ ಪೊಲೀಸನೇ, ಯೂನಿಫಾರ್ಮೂ ಇದೆ, ಆದರೆ ಕೆಲಸವೆಲ್ಲ ಪೆನ್ನಿನದು. ಯಾರನ್ನು ಎಷ್ಟು ಗಂಟೆಗೆ ಕರೆತಂದರು, ಅವರು ಏನು ಹೇಳಿದರು, ಯಾರಿಗೆ ಎಲ್ಲಿ ಗಾಯವಾಯಿತು, ಎಲ್ಲ ನನ್ನ ಕೈಯಿಂದಲೇ ಆಗಬೇಕು. ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ಒಬ್ಬರ ಮೇಲೂ ಕೈಯೆತ್ತಿದವನಲ್ಲ. ಮನೆಯಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕೂಗುತ್ತೇನೆ. ಅವಳು ಚಪ್ಪಲಿ ಹಿಡಿದುಕೊಂಡು ಬರುವವರೆಗೆ ಕುರ್ಚಿಯ ಮೇಲೆ ನಿಂತಿರುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಜಿರಲೆ ಹಾರುತ್ತದೆ.

ಇಂಥ ನಾನು ಒಂದು ಸೋಮವಾರ ಬೆಳಿಗ್ಗೆ ಜಿಲ್ಲೆಯಲ್ಲೇ ಅತ್ಯಂತ ಅಪಾಯಕಾರಿ ಪೊಲೀಸ್ ಎಂದು ತೀರ್ಮಾನವಾಯಿತು.

ತೀರ್ಮಾನ ಕಂಪ್ಯೂಟರಿನದು. ಯಾವ ಪೊಲೀಸ್ ನಾಳೆ ದಾರಿ ತಪ್ಪುತ್ತಾನೆ ಎನ್ನುವುದನ್ನು ಇವತ್ತೇ ಕಂಡುಹಿಡಿದು ತಡೆಯಬೇಕೆಂದು ಮುಖ್ಯ ಕಚೇರಿಯವರು ಹೊಸ ಏರ್ಪಾಡು ಮಾಡಿದ್ದರು. ಒಬ್ಬನ ಮೇಲೆ ಎಷ್ಟು ದೂರು ಬಂದಿದೆ, ಅವನ ಪಾಳಿಯಲ್ಲಿ ಎಷ್ಟು ಜನಕ್ಕೆ ಗಾಯವಾಗಿದೆ, ಎಷ್ಟು ರಜೆ ಹಾಕಿದ್ದಾನೆ, ಜೀಪನ್ನು ಎಷ್ಟು ಸಲ ಗೋಡೆಗೆ ತಾಗಿಸಿದ್ದಾನೆ, ಎಲ್ಲವನ್ನೂ ಕೂಡಿಸಿ ಅದು ಅಂಕ ಕೊಡುತ್ತದೆ. ವಾರಕ್ಕೊಂದು ಪಟ್ಟಿ. ಹಸಿರಿನಲ್ಲಿದ್ದವನು ಕ್ಷೇಮ. ಕೆಂಪಿನಲ್ಲಿದ್ದವನು ಮುಖ್ಯ ಕಚೇರಿಯ ಕೌನ್ಸೆಲರ್ ಮೇಡಂ ಮುಂದೆ ಆರು ಸಲ ಹೋಗಿ ಕೂರಬೇಕು. ಸುಧಾರಿಸಿದರೆ ಸರಿ, ಇಲ್ಲವಾದರೆ ಜಪ್ತಿ ಮಾಡಿದ ಗಾಡಿಗಳ ಶೆಡ್ಡಿಗೆ ಕಾವಲು. ನಾವೆಲ್ಲ ಆ ಕಂಪ್ಯೂಟರಿಗೆ ಜ್ಯೋತಿಷಿ ಎಂದು ಹೆಸರಿಟ್ಟಿದ್ದೆವು.

ಪಟ್ಟಿಯ ತುದಿಯಲ್ಲಿ, ಕೆಂಪಕ್ಷರದಲ್ಲಿ, ನಾನು. ತಳದಲ್ಲಿ, ಹಸಿರಿನಲ್ಲಿ, ಸೊನ್ನೆ ಅಂಕದೊಂದಿಗೆ, ಮೇಷ್ಟ್ರು.

ಮೇಷ್ಟ್ರು ನಮ್ಮ ಹೆಡ್ ಕಾನ್‌ಸ್ಟೆಬಲ್. ಶಾಲೆಯಲ್ಲಿ ಯಾವತ್ತೂ ಪಾಠ ಮಾಡಿದವರಲ್ಲ, ನಮ್ಮ ಹಿಂದಿನ ಕೋಣೆಯಲ್ಲಿ ಮಾಡುತ್ತಾರೆ. ಪಾಠಕ್ಕೆ ಬೇಕಾದ ಸಾಮಾನು ಅಂದರೆ ಹಿಟ್ಟಿನ ಗಿರಣಿಯ ಹಳೇ ಬೆಲ್ಟಿನ ಒಂದು ತುಂಡು, ಅದು ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿರುತ್ತದೆ. ಉಳಿದಂತೆ ಒಳ್ಳೆಯ ಮನುಷ್ಯರು. ಹನ್ನೊಂದು ಸಲ ರಕ್ತದಾನ ಮಾಡಿದ್ದಾರೆ.

ಜ್ಯೋತಿಷಿ ಎಡವಿದ್ದು ಎಲ್ಲಿ ಎಂದು ನನಗೆ ತಕ್ಷಣ ಗೊತ್ತಾಯಿತು. ಕಂಪ್ಯೂಟರ್ ಬಂದಾಗ ಎಲ್ಲರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟಿದ್ದರು. ವಾರ ಕಳೆಯುವುದರೊಳಗೆ ನನ್ನದೊಂದನ್ನು ಬಿಟ್ಟು ಉಳಿದವರೆಲ್ಲರದೂ ಮರೆತುಹೋಗಿತ್ತು. 'ನೀವೇ ಹೊಡೆದುಬಿಡಿ ರೈಟರೇ, ನಿಮ್ಮ ಕೈ ಚುರುಕು' ಎಂದು ಹೊಗಳಿದರು. ಹೊಗಳಿದರೆ ನಾನು ಕರಗುತ್ತೇನೆ. ಹೊಸ ನಮೂದುಗಳಷ್ಟೇ ಅಲ್ಲ, ಯಾರೂ ಕೇಳದಿದ್ದರೂ ಹಳೇ ರಿಜಿಸ್ಟರುಗಳನ್ನು ಕೆಳಗಿಳಿಸಿ, ಧೂಳು ಹೊಡೆದು, ಒಂಬತ್ತು ವರ್ಷದ ಗಾಯಗಳನ್ನೆಲ್ಲ ನನ್ನ ಹೆಸರಿನಲ್ಲೇ ಒಳಗೆ ತುಂಬಿಸಿದೆ. ಆ ಕೆಲಸಕ್ಕೆ ಪ್ರಶಂಸಾಪತ್ರ ಬರಬಹುದು ಎಂದು ಕಾಯುತ್ತಿದ್ದೆ.

ಇನ್ಸ್‌ಪೆಕ್ಟರು ಪಟ್ಟಿ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

"ಏನ್ರೀ ರೈಟರೇ, ನಮ್ಗೆ ಯಾರಿಗೂ ಗೊತ್ತಾಗ್ದ ಹಾಗೆ ಯಾವಾಗ್ರೀ ಅರವತ್ತೊಂದು ಜನಕ್ಕೆ ಬಾರಿಸಿದ್ರಿ?"

ಮೇಷ್ಟ್ರು ಎದ್ದು ಬಂದು ನನ್ನ ಕೈ ಕುಲುಕಿದರು. "ಕೋಪ ಕಮ್ಮಿ ಮಾಡ್ಕೊಳ್ಳಿ ರೈಟರೇ. ಆರೋಗ್ಯಕ್ಕೆ ಒಳ್ಳೇದಲ್ಲ," ಎಂದರು.

ಮನೆಯಲ್ಲಿ ಹೆಂಡತಿ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ಯೋಚನೆಗೆ ಬಿದ್ದಳು. ಆ ವರ್ಷ ನನಗೆ ಬಡ್ತಿಯಿತ್ತು. ನಿವೃತ್ತಿಗೆ ಮೊದಲು ಭುಜಕ್ಕೊಂದು ನಕ್ಷತ್ರ. ಅವಳು ಈಗಾಗಲೇ ತನ್ನ ಇಬ್ಬರು ತಂಗಿಯರಿಗೂ ಅಣ್ಣನಿಗೂ ಹೇಳಿಯಾಗಿತ್ತು, ಹೊಸ ಯೂನಿಫಾರ್ಮಿಗೆ ಬಟ್ಟೆಯನ್ನೂ ತಂದಿಟ್ಟಿದ್ದಳು. ಕೆಂಪಿನಲ್ಲಿ ಇದ್ದವನಿಗೆ ನಕ್ಷತ್ರ ಸಿಗುವುದಿಲ್ಲ.

"ಆರು ಸಲ ತಾನೇ? ಹೋಗಿ ಕೂತ್ಕೊಂಡು ಬನ್ನಿ. ಅವರು ಕೇಳಿದ್ದಕ್ಕೆಲ್ಲ ಹೂಂ ಅನ್ನಿ," ಎಂದಳು.

ಕೌನ್ಸೆಲರ್ ಮೇಡಂ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಗಡಿಯಾರ, ಮೇಜಿನ ಮೇಲೆ ಹಿಸುಕಲಿಕ್ಕೆಂದು ಒಂದು ರಬ್ಬರ್ ಚೆಂಡು. ಮೇಡಂ ನನ್ನ ಮಗಳ ವಯಸ್ಸಿನವರು. ಪ್ರತಿ ಸಲವೂ ಮೊದಲು ಒಂದು ಫಾರಂ ತುಂಬಬೇಕು. ಅದರಲ್ಲಿ ಒಂದೇ ಮುಖ್ಯ ಪ್ರಶ್ನೆ: ನಿಮ್ಮಿಂದ ಯಾರಿಗಾದರೂ ಪೆಟ್ಟಾಗಿದೆಯೇ? ಹೌದು, ಇಲ್ಲ. ಹೌದಾದರೆ ಎಷ್ಟು ಜನರಿಗೆ. ವಿವರ ಬರೆಯಲು ಎರಡು ಗೆರೆ. ನಾನು 'ಇಲ್ಲ' ಎನ್ನುವುದಕ್ಕೆ ಗುರುತು ಹಾಕಿದೆ.

"ನಾನು ಯಾರಿಗೂ ಹೊಡೆದಿಲ್ಲ ಮೇಡಂ."

"ಮೊದಲನೇ ಸಲ ಎಲ್ಲರೂ ಹಾಗೇ ಹೇಳೋದು."

"ನಾನು ಬರೆಯೋನು ಅಷ್ಟೇ."

"ನಿರಾಕರಣೆ," ಎಂದು ಅವರು ಬರೆದುಕೊಂಡರು. ಅಕ್ಷರ ಚೆನ್ನಾಗಿರಲಿಲ್ಲ.

ಕೋಪ ಬಂದಾಗಲೆಲ್ಲ ಬರೆದಿಡಿ ಎಂದು ಒಂದು ಡೈರಿ ಕೊಟ್ಟರು. ಬರೆಯುವ ಕೆಲಸ ಕೊಟ್ಟರೆ ನಾನು ಹಿಂದೆ ಬೀಳುವವನಲ್ಲ. ರಿಜಿಸ್ಟರಿನ ಮೇಲೆ ಟೀ ಲೋಟ ಇಟ್ಟವನ ಮೇಲೆ, ನನ್ನ ಪೆನ್ನು ತೆಗೆದುಕೊಂಡು ಮುಚ್ಚಳ ಮಾತ್ರ ಹಿಂದಿರುಗಿಸಿದವನ ಮೇಲೆ, ಹೆಸರು ಹೇಳು ಅಂದರೆ ಮೊದಲು ಊರು ಹೇಳುವವರ ಮೇಲೆ, ಹದಿನೈದು ದಿನಕ್ಕೆ ನಲವತ್ತು ಕೋಪ ಬರೆದುಕೊಂಡು ಹೋದೆ. ಅವರು ಓದಿ, ಒಂದು ಕ್ಷಣ ನನ್ನನ್ನೇ ನೋಡಿದರು. ಅವತ್ತಿನಿಂದ ಅವರಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು. ಇವನು ಹೊಡೆಯುವ ಆಸಾಮಿ ಅಲ್ಲ ಎನ್ನುವ ಅನುಮಾನ.

ಮೂರನೇ ಸಲ ನನ್ನನ್ನು ಕರೆಸಲಿಲ್ಲ, ಅವರೇ ಠಾಣೆಗೆ ಬಂದರು. ಮಧ್ಯಾಹ್ನ, ಹೇಳದೆ ಕೇಳದೆ.

"ಆ ಮೆಟ್ಟಿಲು ತೋರಿಸಿ," ಎಂದರು.

"ನೀವು ಈಗ ಹತ್ಕೊಂಡು ಬಂದ್ರಲ್ಲ ಮೇಡಂ, ಅದೇ."

ತಿರುಗಿ ನೋಡಿದರು. ಕೆಳಗಿಳಿದರು, ಮತ್ತೆ ಹತ್ತಿದರು. "ಮೂರೇನಾ?"

"ಮೂರೇ."

"ಒಂದೊಂದು ಎಷ್ಟೆತ್ತರ ಇರಬಹುದು?"

ಇಲ್ಲಿ ನಾನೊಂದು ತಪ್ಪು ಮಾಡಿದೆ. ಬೇರೆ ಯಾರಾದರೂ ಆಗಿದ್ದರೆ ಅಂದಾಜಿಗೆ ಏನೋ ಒಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ನನಗೆ ಅಂದಾಜು ಎಂದರೆ ಆಗದು. ಅಳತೆ ಕೇಳಿದರೆ ಸರಿಯಾದ ಅಳತೆ ಕೊಡಬೇಕು. ರಸ್ತೆಯಾಚೆ ನೋಡಿ, "ಟೈಲರೇ, ಟೇಪ್ ತಗೊಂಡು ಸ್ವಲ್ಪ ಬಾರಯ್ಯ," ಎಂದು ಕೂಗಿದೆ.

ಟೈಲರ್ ಎಂದರೆ ಠಾಣೆಯ ಎದುರಿಗೆ ಒಂದು ಮಿಷನ್ನು, ಒಂದು ಸ್ಟೂಲು ಹಿಡಿಯುವಷ್ಟೇ ಜಾಗದಲ್ಲಿ ಇಪ್ಪತ್ತು ವರ್ಷದಿಂದ ನಮ್ಮೆಲ್ಲರ ಯೂನಿಫಾರ್ಮ್ ಹೊಲಿಯುತ್ತಿದ್ದವನು. ನನ್ನ ಅಂಗಿಗೆ ಒಳಗಡೆ ಎರಡು ಪೆನ್ನು ಹಿಡಿಯುವ ಸಣ್ಣ ಜೇಬೊಂದನ್ನು ತಾನಾಗಿಯೇ ಹೊಲಿದು ಕೊಡುತ್ತಿದ್ದ. ವರ್ಷ ವರ್ಷ ನನ್ನ ಸೊಂಟ ಬೆಳೆಯುತ್ತಿದ್ದರೂ, 'ಈಗಿನ ಬಟ್ಟೆ ಬಹಳ ಕುಗ್ಗುತ್ತೆ ಸಾರ್' ಎನ್ನುತ್ತಿದ್ದನೇ ಹೊರತು ಒಂದು ದಿನವೂ ಅಳತೆಯನ್ನು ಜೋರಾಗಿ ಓದಿದವನಲ್ಲ. ನನ್ನ ಹೊಸ ಯೂನಿಫಾರ್ಮಿನ ಬಟ್ಟೆಯೂ ಅವನ ಹತ್ತಿರವೇ ಇತ್ತು. ಕತ್ತರಿಸಿ ಆಗಿತ್ತು.

ಅವನು ಕೊರಳಲ್ಲಿದ್ದ ಟೇಪನ್ನು ತೆಗೆದು, ಮಂಡಿಯೂರಿ, ಮೂರು ಮೆಟ್ಟಿಲನ್ನೂ ಅಳೆದ.

"ಒಂದೊಂದು ಆರೂವರೆ ಇಂಚು ಮೇಡಂ. ಕೆಳಗಿನದು ಆರೂಕಾಲು."

"ಇಲ್ಲಿಂದ ಜನ ಬೀಳೋದನ್ನ ನೀವು ನೋಡಿದೀರಾ?"

ಟೈಲರ್ ನನ್ನ ಮುಖ ನೋಡಿದ. ನನ್ನ ಹಿಂದೆ ಬಾಗಿಲಲ್ಲಿ ಬಂದು ನಿಂತಿದ್ದ ಮೇಷ್ಟ್ರ ಮುಖವನ್ನೂ ನೋಡಿದ. "ನಾನು ತಲೆ ಬಗ್ಗಿಸ್ಕೊಂಡು ಹೊಲಿಯೋನು ಮೇಡಂ," ಎಂದು ಟೇಪನ್ನು ಕೊರಳಿಗೆ ಹಾಕಿಕೊಂಡು ಹೊರಟುಹೋದ.

ಮೇಡಂ ಹೋಗುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಹೊಡೆದಿಲ್ಲ ಅಂತ ನಂಬ್ತೀನಿ. ಯಾರು ಅಂತ ಹೇಳಿ."

"ನಾನು ಬರೆಯೋನು ಮೇಡಂ."

ಅವರು ಹೋದ ಮೇಲೆ ಇನ್ಸ್‌ಪೆಕ್ಟರು ಬಾಗಿಲು ಹಾಕಿಕೊಂಡು ನನಗೊಂದು ಉಪಾಯ ಹೇಳಿದರು. ಇಷ್ಟು ದಿನ ಯಾರಿಗೂ ಹೊಳೆಯದೇ ಇದ್ದದ್ದು ಆಶ್ಚರ್ಯ, ಅಷ್ಟು ಸುಲಭ.

"ಬರೀಬೇಡ್ರೀ. ಬರೆದ್ರೆ ತಾನೇ ಅದು ಎಣಿಸೋದು?"

ಬರೆಯುವುದನ್ನು ನಿಲ್ಲಿಸಿದೆ. ಅಂದಿನಿಂದ ನಮ್ಮ ಠಾಣೆಯಲ್ಲಿ ಒಬ್ಬರೂ ಬೀಳಲಿಲ್ಲ. ಹೊಸ ನಮೂದಿಲ್ಲದ ಒಂದೊಂದು ವಾರಕ್ಕೂ ಜ್ಯೋತಿಷಿ ಅಂಕ ಇಳಿಸುತ್ತಿತ್ತು, ಒಂದು ತಿಂಗಳಿಗೆ ನಾನು ಹಳದಿಗೆ ಬಂದೆ. ಠಾಣೆಗೆ ಮುಖ್ಯ ಕಚೇರಿಯಿಂದ ಒಂದು ಫಲಕ ಬಂತು: ಮುನ್ನೆಚ್ಚರಿಕೆಯಿಂದ ಸುಧಾರಿಸಿದ ಮೊದಲ ಠಾಣೆ. ಅದನ್ನು ನೇತುಹಾಕಲು ಮೊಳೆ ಸಿಗದೆ ಹಿಂದಿನ ಕೋಣೆಯ ಬಾಗಿಲ ಹಿಂದೆ ಇದ್ದದ್ದನ್ನೇ ಕಿತ್ತು ತಂದರು. ಬೆಲ್ಟನ್ನು ಆಮೇಲೆ ಕಿಟಕಿಯ ಸರಳಿಗೆ ಸಿಕ್ಕಿಸಿದರು.

ಒಂದು ವಿಷಯವನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಕಂಪ್ಯೂಟರಿನಲ್ಲಿ ಗಾಯ ಎಂದು ಬರೆದರೆ ಅದರ ಜೊತೆಗೆ ಆಸ್ಪತ್ರೆಯ ಚೀಟಿ ಇರಲೇಬೇಕು, ಇಲ್ಲವಾದರೆ ನಮೂದು ಪೂರ್ತಿಯಾಗುವುದಿಲ್ಲ. ಹಳೇ ರಿಜಿಸ್ಟರಿನ ಕಾಲದಿಂದಲೂ ಅದೇ ನಿಯಮ. ಅದಕ್ಕೇ ಮೆಟ್ಟಿಲಿಂದ ಬಿದ್ದವರನ್ನೆಲ್ಲ ಆಟೋದಲ್ಲಿ ಹಾಕಿಕೊಂಡು ಹೋಗಿ ಹೊಲಿಗೆ ಹಾಕಿಸುತ್ತಿದ್ದೆವು, ಪಟ್ಟಿ ಕಟ್ಟಿಸುತ್ತಿದ್ದೆವು. ನಾನು ಬರೆಯುತ್ತಿದ್ದದ್ದು ಸುಳ್ಳೇ. ಆ ಸುಳ್ಳಿಗೆ ಒಬ್ಬ ಡಾಕ್ಟರ್ ಇರುತ್ತಿದ್ದರು. ಈಗ ಬೀಳದೇ ಇದ್ದವರಿಗೆ ಡಾಕ್ಟರ್ ಯಾಕೆ? ಹಿಂದಿನ ಕೋಣೆಯಿಂದ ಬಂದವರು ಹಾಗೇ ಗೋಡೆ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ನಾನು ಆ ಹೊತ್ತಿಗೆ ರಿಜಿಸ್ಟರಿನಲ್ಲಿ ಗೆರೆ ಎಳೆಯುತ್ತಿದ್ದೆ.

ಐದನೇ ಸಲ ಮೇಡಂ ಹತ್ತಿರ ಹೋಗಿ ಬಂದ ಮಾರನೇ ದಿನ ಟೈಲರನ್ನು ಕರೆತಂದರು. ಅವನ ಪಕ್ಕದ ಬಟ್ಟೆ ಅಂಗಡಿಯಿಂದ ಎರಡು ಥಾನು ಕಾಣೆಯಾಗಿತ್ತಂತೆ. ಬಟ್ಟೆ ಕಾಣೆಯಾದರೆ ಟೈಲರನ್ನು ಕೇಳಬೇಕು, ಇದು ಮೇಷ್ಟ್ರ ತರ್ಕ. ಆ ಎರಡು ಥಾನನ್ನು ಅಂಗಡಿಯವನೇ ತನ್ನ ಇನ್ನೊಂದು ಅಂಗಡಿಗೆ ಕಳಿಸಿ ಮರೆತಿದ್ದ ಎಂದು ಎರಡು ದಿನ ಬಿಟ್ಟು ಗೊತ್ತಾಯಿತು.

ಎರಡು ಗಂಟೆಗೆ ಒಳಗೆ ಹೋದವನು ಮೂರು ಗಂಟೆಗೆ ಹೊರಗೆ ಬಂದು ನನ್ನ ಮೇಜಿನ ಎದುರಿನ ಬೆಂಚಿನ ಮೇಲೆ ಕೂತ. ಟೇಪ್ ಇನ್ನೂ ಕೊರಳಲ್ಲೇ ಇತ್ತು. ಬಲಗೈಯನ್ನು ಎಡಗೈಯಲ್ಲಿ ಇಟ್ಟುಕೊಂಡಿದ್ದ. ತೋರುಬೆರಳೂ ಪಕ್ಕದ ಬೆರಳೂ ಎರಡರಷ್ಟು ದಪ್ಪಗಾಗಿ, ಒಂದು ಬೇರೆ ಕಡೆಗೆ ನೋಡುತ್ತಿತ್ತು.

"ಅಳತೆ ತಗೊಂಡಿದ್ದಕ್ಕೆ ಅಂದ್ರು ಸಾರ್," ಎಂದ. "ಬಟ್ಟೆ ಮಾತು ಆಮೇಲೆ ಬಂತು."

ಟೇಪ್ ತಗೊಂಡು ಬಾ ಎಂದು ಕೂಗಿದ ದನಿ ನನ್ನದೇ.

"ನೀರು ಕುಡೀತೀಯಾ?" ಎಂದೆ.

"ಬೇಡ ಸಾರ್. ಒಂದು ಉಪಕಾರ ಮಾಡಿ. ಮೆಟ್ಟಿಲಿಂದ ಬಿದ್ದೆ ಅಂತ ಬರೆದುಬಿಡಿ."

ನಾನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ಎದುರಿಗೇ ಕೂತು ನೋಡ್ತಿದ್ನಲ್ಲ ಸಾರ್ ಇಷ್ಟು ವರ್ಷ. ನೀವು ಬರೆದ್ರೆ ಆಟೋ ಬರ್ತಿತ್ತು. ಆಸ್ಪತ್ರೆಗೆ ಕರ್ಕೊಂಡ್ಹೋಗ್ತಿದ್ರು. ಈಗ ಯಾಕೋ ಯಾರಿಗೂ ಬರೀತಿಲ್ಲ ನೀವು. ನನಗೆ ಬರೀರಿ. ನಾನೇ ಹೇಳ್ತಿದೀನಲ್ಲ, ಬಿದ್ದೆ ಅಂತ. ಬೇಕಿದ್ರೆ ಎಡಗೈಲಿ ಸಹಿ ಹಾಕ್ತೀನಿ."

"ನೀನೇ ಹೋಗಿ ತೋರಿಸ್ಕೋಬಹುದಲ್ಲಪ್ಪ."

"ಹೋಗ್ಬಹುದು ಸಾರ್, ಬಿಟ್ರೆ. ಥಾನು ಸಿಗೋವರೆಗೂ ಇಲ್ಲೇ ಕೂತಿರು ಅಂದಿದಾರೆ."

ಕಂಪ್ಯೂಟರ್ ನನ್ನ ಮುಂದೆಯೇ ತೆರೆದಿತ್ತು. ಕಾರಣ ಎನ್ನುವ ಖಾನೆಯಲ್ಲಿ 'ಮೆಟ್ಟಿಲು' ಎಂದು ಆರಿಸಿದರೆ ಮುಗಿಯಿತು, ಒಂದು ನಿಮಿಷದ ಕೆಲಸ. ಆದರೆ ಒಂದೇ ಒಂದು ಹೊಸ ನಮೂದು ಸೋಮವಾರಕ್ಕೆ ನನ್ನನ್ನು ಮತ್ತೆ ಕೆಂಪಿಗೆ ತಳ್ಳುತ್ತಿತ್ತು. ಆರನೇ ಸಲಕ್ಕೆ ಹದಿಮೂರು ದಿನ ಬಾಕಿ. ನಕ್ಷತ್ರಕ್ಕೆ ಅದಾದ ಮೇಲೆ ಒಂದು ವಾರ. ಇನ್ಸ್‌ಪೆಕ್ಟರ ಬಾಗಿಲು ಅರ್ಧ ತೆರೆದಿತ್ತು. ಮೇಷ್ಟ್ರು ಹೊರಗೆ ನಲ್ಲಿಯಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು.

"ಸಾಹೇಬ್ರನ್ನ ಕೇಳಿ ನೋಡ್ತೀನಿ," ಎಂದೆ.

ಕೇಳಲಿಲ್ಲ. ಟೈಲರ್ ಮೂರರಿಂದ ಆರರವರೆಗೆ ಆ ಬೆಂಚಿನ ಮೇಲೆ ಕೂತಿದ್ದ. ಮತ್ತೆ ಏನನ್ನೂ ಬೇಡಲಿಲ್ಲ. ಒಮ್ಮೆ ಮಾತ್ರ ನನ್ನ ಅಂಗಿಯನ್ನು ನೋಡಿ, "ಎರಡನೇ ಗುಂಡಿ ಸಡಿಲಾಗಿದೆ ಸಾರ್," ಎಂದ. ಆರು ಗಂಟೆಗೆ ನನ್ನ ಪಾಳಿ ಮುಗಿಯಿತು. ಅವನು ಹೊಲಿದ ಯೂನಿಫಾರ್ಮ್ ಹಾಕಿಕೊಂಡು, ಅವನ ಮುಂದೆಯೇ ನಡೆದು, ಮೂರು ಮೆಟ್ಟಿಲು ಇಳಿದು ಮನೆಗೆ ಹೋದೆ. ಅವನನ್ನು ಬಿಟ್ಟದ್ದು ಎರಡು ದಿನದ ಮೇಲೆ, ಥಾನು ಸಿಕ್ಕಿದ ಮೇಲೆ.

ಅಂಗಡಿ ತೆರೆಯಲಿಲ್ಲ. ಒಂದು ವಾರ ಕಳೆದು ಟೈಲರನ ಹೆಂಡತಿ ನಮ್ಮ ಮನೆಗೆ ಬಂದಳು. ನಾನು ಒಳಗೆ ಶೂ ಪಾಲಿಶ್ ಮಾಡುತ್ತಿದ್ದೆ, ಬಾಗಿಲಿಗೆ ಹೋದವಳು ನನ್ನ ಹೆಂಡತಿ.

"ತಗೊಳ್ಳಿ ಅಕ್ಕಾ," ಎನ್ನುವುದು ಕೇಳಿಸಿತು. "ಕತ್ತರಿಸಿದ್ದು ಹಾಗೇ ಇದೆ. ತೋಳು ಒಂದು ಹೊಲಿದಾಗಿತ್ತು. ಡಾಕ್ಟರ ಹತ್ರ ಹೋಗೋದು ತಡವಾಯ್ತು, ಬೆರಳಿನ ಕೀಲು ಕೆಟ್ಟುಹೋಗಿದೆ, ಇನ್ನು ಮಡಚಲ್ಲ ಅಂದ್ರು. ಸಾರ್‌ಗೆ ಫಂಕ್ಷನ್ ಇದೆಯಂತಲ್ಲ, ಬೇರೆ ಯಾರ ಹತ್ರನಾದ್ರೂ ಹೊಲಿಸ್ಕೊಳ್ಳಲಿ ಅಂತ ಕಳಿಸಿದ್ರು."

ಹೆಂಡತಿ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಎದೆಯ ಭಾಗ ಬೇರೆ, ಬೆನ್ನಿನ ಭಾಗ ಬೇರೆ, ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು. ಒಳಜೇಬಿನ ಸಣ್ಣ ತುಂಡನ್ನು ಮರೆಯದೆ ಕತ್ತರಿಸಿ, ಕಳೆದುಹೋಗದಿರಲಿ ಎಂದು ಒಂದು ಪಿನ್ನಿನಲ್ಲಿ ಸಿಕ್ಕಿಸಿದ್ದ.

"ನೀವೇನು ಮಾಡಿದ್ರಿ?" ಎಂದಳು.

"ನಾನೇನೂ ಮಾಡಲಿಲ್ಲ."

"ಅದನ್ನೇ ಕೇಳ್ತಿರೋದು."

ನನಗೆ ನಾಚಿಕೆಯಾಯಿತು. ಇಪ್ಪತ್ತೇಳು ವರ್ಷದಲ್ಲಿ ಬಾರದೇ ಇದ್ದ ನಾಚಿಕೆ, ಒಂದು ಜೇಬಿನ ತುಂಡು ನೋಡಿ ಬಂತು.

ಆರನೇ ಸಲಕ್ಕೆ ಹೋದಾಗ ಮೇಡಂ ಮುಖದಲ್ಲಿ ನಗುವಿತ್ತು. ಸೋಮವಾರದ ಪಟ್ಟಿಯಲ್ಲಿ ನಾನು ಹಸಿರಿಗೆ ಬಂದಿದ್ದೆ. "ಇವತ್ತು ಸಹಿ ಮಾಡಿ ಮುಗಿಸೋಣ. ಜಿಲ್ಲೆಯಲ್ಲೇ ನಿಮ್ಮಷ್ಟು ಬೇಗ ಯಾರೂ ಇಳಿದಿಲ್ಲ," ಎಂದು ಅದೇ ಫಾರಂ ಕೊಟ್ಟರು.

ನಿಮ್ಮಿಂದ ಯಾರಿಗಾದರೂ ಪೆಟ್ಟಾಗಿದೆಯೇ?

'ಹೌದು' ಎನ್ನುವುದಕ್ಕೆ ಗುರುತು ಹಾಕಿದೆ. ಎಷ್ಟು ಜನರಿಗೆ ಎನ್ನುವ ಕಡೆ ಅರವತ್ತೆರಡು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದೆ. ಆಮೇಲೆ ಅದು ತಪ್ಪು ಎನಿಸಿತು. ಬರೆಯುವುದನ್ನು ನಿಲ್ಲಿಸಿದ ಮೇಲೆ ಗೋಡೆ ಹಿಡಿದುಕೊಂಡು ಹೋದವರು ಒಂಬತ್ತು ಜನ ಇದ್ದರು, ಟೈಲರನ್ನು ಬಿಟ್ಟು. ಹೊಡೆದುಹಾಕಿ ಎಪ್ಪತ್ತೊಂದು ಎಂದು ತಿದ್ದಿ, ತಿದ್ದಿದ್ದಕ್ಕೆ ಪಕ್ಕದಲ್ಲಿ ಸಹಿ ಮಾಡಿದೆ.

ಮೇಡಂ ಫಾರಂ ತಿರುಗಿಸಿಕೊಂಡು ಓದಿದರು. ನಗು ಹೋಯಿತು.

"ಇದನ್ನ ಬರೆದ್ರೆ ಏನಾಗುತ್ತೆ ಗೊತ್ತಲ್ಲ ನಿಮಗೆ? ಬಡ್ತಿ ಇರಲಿ, ಶೆಡ್ಡಿನ ಕೆಲಸವೂ ಉಳಿಯುತ್ತೋ ಇಲ್ಲವೋ. ವಿಚಾರಣೆ ಆಗುತ್ತೆ."

"ಗೊತ್ತು ಮೇಡಂ. ವಿವರಕ್ಕೆ ಎರಡೇ ಗೆರೆ ಕೊಟ್ಟಿದೀರಿ. ಇನ್ನಷ್ಟು ಹಾಳೆ ಬೇಕಿತ್ತು."

"ಎಷ್ಟು?"

"ಒಬ್ಬೊಬ್ಬರಿಗೆ ಒಂದೊಂದು. ಎಲ್ಲರ ಹೆಸರೂ ನೆನಪಿದೆ. ಬರೆದೋನು ನಾನಲ್ವಾ."

ಅವರು ಎದ್ದು ಹೋಗಿ ಬೀರುವಿನಿಂದ ಒಂದು ಕಟ್ಟು ಬಿಳಿ ಹಾಳೆ ತಂದಿಟ್ಟು, ಬಾಗಿಲು ಹಾಕಿ, ನನ್ನ ಎದುರು ಕೂತರು. ರಬ್ಬರ್ ಚೆಂಡನ್ನು ಅವರೇ ಹಿಸುಕತೊಡಗಿದರು. ನಾನು ಒಳಜೇಬಿನಿಂದ ಪೆನ್ನು ತೆಗೆದು, ಕೊನೆಯವನಿಂದ ಶುರುಮಾಡಿದೆ. ದಿನಾಂಕ ಹಾಕಿದೆ. ಹೆಸರು, ವಯಸ್ಸು, ಕಸುಬು: ಟೈಲರ್. ಸಮಯ: ಮಧ್ಯಾಹ್ನ ಎರಡರಿಂದ ಮೂರು. ಗಾಯ: ಬಲಗೈಯ ಎರಡು ಬೆರಳು. ಕಾರಣ: ಬೀಳಲಿಲ್ಲ. ಹೊಡೆದವರು ಎನ್ನುವ ಕಡೆ ಮೇಷ್ಟ್ರ ಪೂರ್ತಿ ಹೆಸರು, ಹುದ್ದೆ, ಸಂಖ್ಯೆ ಬರೆದೆ. ಅದರ ಕೆಳಗೆ, ಯಾವ ಫಾರಂನಲ್ಲೂ ಇಲ್ಲದ ಒಂದು ಖಾನೆಯನ್ನು ಸ್ಕೇಲಿಟ್ಟು ನಾನೇ ಎಳೆದೆ. ಆಸ್ಪತ್ರೆಗೆ ಕಳಿಸದವರು, ಎಂದು ಬರೆದು ನನ್ನ ಹೆಸರು ಹಾಕಿದೆ.